ಟಾಕಿ ಓಣಿಯ ಪೆನಾಲ್ಟಿ

ನಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಪಂದ್ಯದ ವರದಿಗಿಂತ ಪಂದ್ಯದ ಫಲಿತಾಂಶವೇ ಹೆಚ್ಚು ಜಾಗ ತಿನ್ನುತ್ತದೆ. ಕಳೆದ ಫುಟ್‌ಬಾಲ್ ಕಪ್ಪಿನ ಫೈನಲ್ ಮುಗಿದ ಮರುದಿನ ಆ ಒಂದೇ ಪಂದ್ಯದ ಬಗ್ಗೆ ನಾವು ಅಚ್ಚು ಮಾಡಿದ್ದು ಹೀಗೆ: ಕಂಬಾರ ಓಣಿಯಲ್ಲಿ ನಮ್ಮ ದೇಶಕ್ಕೆ ಎರಡು–ಒಂದರ ಗೆಲುವು. ಟಾಕಿ ಓಣಿಯಲ್ಲಿ ಒಂದು–ಒಂದು ಸಮಬಲ, ಹೆಚ್ಚುವರಿ ಅವಧಿಯಲ್ಲಿ ಸೋಲು. ಹೂಗಾರ ಓಣಿಯಲ್ಲಿ ಪೆನಾಲ್ಟಿ ಸಿಕ್ಕ ಮೇಲೆ ಮಳೆ ಬಂದು ಆಟ ನಿಂತಿದೆ. ಕೋಟೆ ಓಣಿಯಲ್ಲಿ ಮೂರು–ಸೊನ್ನೆಯ ಸೋಲು, ಪೆನಾಲ್ಟಿಯ ಪ್ರಶ್ನೆಯೇ ಇಲ್ಲ. ಒಮ್ಮೆ ಹೊರಗಿನಿಂದ ಬಂದಿದ್ದ ಉಪಸಂಪಾದಕನೊಬ್ಬ ಇಂಥ ನಾಲ್ಕರಲ್ಲಿ ಸರಿಯಾದದ್ದು ಯಾವುದು ಎಂದು ಕೇಳಿದ್ದ. ನಾಲ್ಕನ್ನೂ ಪರಿಶೀಲಿಸಿದ್ದೇವೆ, ನಾಲ್ಕೂ ಸರಿ ಇವೆ ಎಂದೆ. ಅವನು ಹೆಚ್ಚು ಕಾಲ ನಮ್ಮಲ್ಲಿ ಉಳಿಯಲಿಲ್ಲ.

ಊರಿನವರಿಗೆ ಇದರಿಂದ ಅಂಥ ತೊಂದರೆಯೇನೂ ಇಲ್ಲ. ಗಂಡಿನ ಮನೆ ನೋಡಲು ಬಂದವರು ನಲ್ಲಿ ಇದೆಯೇ ಎಂದು ಕೇಳುವ ಮೊದಲು ಹಿಂದಿನ ಕಪ್ಪು ಇಲ್ಲಿ ಏನಾಯಿತು ಎಂದು ಕೇಳುತ್ತಾರೆ. ಮದುವೆಯಾಗಿ ಬೇರೆ ಓಣಿಗೆ ಹೋದ ಹುಡುಗಿ ಅಲ್ಲಿ ಮಲಗಿ ಎದ್ದ ಮೇಲೆ ತವರಿನಲ್ಲಿ ಕಂಡ ಗೋಲುಗಳನ್ನು ಬಿಟ್ಟು ಗಂಡನ ಮನೆಯ ಗೋಲುಗಳನ್ನು ನೆನೆಯತೊಡಗುತ್ತಾಳೆ. ಹಬ್ಬಕ್ಕೆ ಬಂದಾಗ ತಮ್ಮಂದಿರು ಕಾಡಿಸುತ್ತಾರೆ, ಅಷ್ಟೇ. ಕಂಬಾರ ಓಣಿಯಲ್ಲಿ ನಮ್ಮ ದೇಶ ಹೆಚ್ಚು ಗೆಲ್ಲುವುದರಿಂದ ಅಲ್ಲಿ ಬಾಡಿಗೆಗೆ ಮನೆ ಸಿಗುವುದು ಕಷ್ಟ.

ನನ್ನ ಸ್ಥಿತಿ ಬೇರೆ. ನಾಲ್ಕು ಓಣಿಗಳು ಕೂಡುವ ಚೌಕದಲ್ಲಿ ಪತ್ರಿಕಾ ಕಚೇರಿ ಇದೆ. ಅದರ ಮಾಳಿಗೆಯ ಕೋಣೆಯಲ್ಲಿ ನಾನು ಇರುತ್ತೇನೆ. ಅದು ಯಾವ ಓಣಿಗೂ ಸೇರುವುದಿಲ್ಲ. ನನ್ನ ಟಿವಿಯಲ್ಲಿ ಆಟ ಚೆನ್ನಾಗಿಯೇ ಕಾಣುತ್ತದೆ. ಆದರೆ ಗೋಲಿನತ್ತ ಹೊಡೆದ ಚೆಂಡು ಕಾಲು ಬಿಟ್ಟ ಕೂಡಲೇ ಪರದೆಯ ತುಂಬ ಗೆರೆಗಳು ಬರುತ್ತವೆ. ಮತ್ತೆ ಚಿತ್ರ ಬರುವಷ್ಟರಲ್ಲಿ ಆಟಗಾರರು ಮೈದಾನದ ನಡುವೆ ನಿಂತಿರುತ್ತಾರೆ. ಸಂಪಾದಕರು ಕ್ರೀಡಾ ಪುಟವನ್ನು ನನಗೆ ಒಪ್ಪಿಸಿದ್ದು ಇದೇ ಕಾರಣಕ್ಕೆ. ಪಕ್ಷಪಾತ ಮಾಡಲು ಬೇಕಾದ ಮಾಹಿತಿಯೇ ನನ್ನ ಬಳಿ ಇಲ್ಲ. ಪಂದ್ಯ ಮುಗಿದ ಮೇಲೆ ಮನೆಮನೆಗೆ ಹೋಗಿ ಕೇಳಿ ಬರೆಯುತ್ತೇನೆ.

ಫೈನಲ್ಲಿನ ಮರುದಿನ ಬೆಳಿಗ್ಗೆ ಚೌಕದ ಯಮನೂರಪ್ಪನ ಚಹಾದಂಗಡಿಯಲ್ಲಿ ಎಂದಿನವರು ಕೂತಿದ್ದರು. ಆ ಅಂಗಡಿಗೆ ಒಂದು ಕಟ್ಟುಪಾಡಿದೆ. ಅಂಕಿ ಹೇಳುವ ಮೊದಲು ಯಾವ ಓಣಿಯ ಲೆಕ್ಕ ಎಂದು ಹೇಳಬೇಕು. ಮರೆತವರು ಎಲ್ಲರ ಗ್ಲಾಸು ತೊಳೆಯಬೇಕು.

"ಕಂಬಾರ ಓಣಿ ಲೆಕ್ಕದಾಗ ನಲವತ್ತೆಂಟು," ಎಂದು ದಾವಲಸಾಬ್ ಬೆಂಚು ತಟ್ಟಿದ. ಅವನದು ಸೈಕಲ್ ಅಂಗಡಿ. ಊರಿನ ಹುಡುಗರ ಚೆಂಡುಗಳಿಗೆ ಪಂಕ್ಚರ್ ಹಾಕುತ್ತ ಬಂದವನು. "ಹಳೇ ಕಾಲದ ಆಟಗಾರ ಹಜೇರಿದು ನಮ್ಮಲ್ಲಿ ನಲವತ್ತೇಳು, ಆ ದಾಖಲೆ ಖಲಾಸ್. ದೇಶದಾಗ ಎಲ್ಲಾರಕಿಂತ ಹೆಚ್ಚು ಗೋಲು ಇವತ್ತ ಯಾರ್ದು? ನಮ್ಮ ಫಕೀರೇಶಂದು!"

ಫಕೀರೇಶ ನಮ್ಮ ಊರಿನ ಹುಡುಗ. ಟಾಕಿ ಓಣಿಯಲ್ಲಿ ಹುಟ್ಟಿ ಬೆಳೆದು ದೇಶದ ತಂಡದಲ್ಲಿ ಒಂಬತ್ತನೇ ನಂಬರಿನ ಅಂಗಿ ತೊಡುತ್ತಾನೆ. ಇಷ್ಟನ್ನು ನಾಲ್ಕೂ ಓಣಿಗಳು ಒಪ್ಪುತ್ತವೆ.

"ಟಾಕಿ ಓಣಿ ಲೆಕ್ಕದಾಗ ನಲವತ್ತೈದು," ಎಂದರು ಇರಪಣ್ಣ ಮಾಸ್ತರರು. ನಿವೃತ್ತ ಗಣಿತ ಮಾಸ್ತರರು, ಫಕೀರೇಶನಿಗೂ ಕಲಿಸಿದವರು. ಗ್ಲಾಸನ್ನು ಮುಟ್ಟಿರಲಿಲ್ಲ. "ಹಜೇರಿದೂ ನಲವತ್ತೈದು. ಇಬ್ಬರೂ ಬಾಜೂಕ ಬಾಜೂಕ ಕುಂತಾರ. ಕಡೀ ನಿಮಿಷಕ್ಕ ಪೆನಾಲ್ಟಿ ಸಿಕ್ಕಿತ್ತು. ಹೊಡದಿದ್ರ ಕಪ್ಪೂ ಬರ್ತಿತ್ತು, ದಾಖಲೆನೂ ಆಗ್ತಿತ್ತು. ಕಂಬಕ್ಕ ಬಡದು ಬಂದ. ಹನ್ನೆರಡು ಗಜದಿಂದ! ಸಾಲ್ಯಾಗಿನ ಹುಡುಗೂರು ಕಣ್ಣು ಕಟಗೊಂಡು ಹೊಡೀತಾವ."

"ಹುಡುಗನ ಮ್ಯಾಲ ಯಾಕ ಸಿಟ್ಟು, ಮಾಸ್ತರ?" ಎಂದ ದಾವಲಸಾಬ್. "ತಪ್ಪು ನಿಮ್ಮ ಮ್ಯಾನೇಜರಂದು. ಆ ಚೌಗುಲೆ ಮಾರಿ ನೋಡಿದ್ರ ಗಂಜಿ ಒಣಗಿಸಿದಂಗ ಐತಿ, ಹುಡುಗೂರಿಗೆ ಧೈರ್ಯ ಎಲ್ಲಿಂದ ಬರ್ಬೇಕು? ನಮ್ಮ ಮ್ಯಾನೇಜರ್ ಪಿಂಟೋನ್ನ ನೋಡ್ರಿ. ಫಕೀರ ಚೆಂಡು ಇಡೂಮುಂದ ಪಿಂಟೋ ಬೆಂಚಿನ ಮ್ಯಾಲ ಕುಂತು ಕಡ್ಲಿ ತಿನ್ನಾಕತ್ತಿದ್ದ. ಅದನ್ನ ನೋಡಿ ಹುಡುಗಗ ಹಗುರಾತು."

"ಪಿಂಟೋನ್ನ ಹೋದ ಕಪ್ಪು ಮುಗದ ಕೂಡ್ಲೆ ತೆಗದಾರಲ್ಲೋ!"

"ನಿಮ್ಮ ಓಣ್ಯಾಗ ತೆಗದಾರ. ನಮ್ಮಲ್ಲಿ ಆರಾಮ ಅದಾನ. ಸ್ವಲ್ಪ ಹೊಟ್ಟಿ ಬಂದೈತಿ."

ಎಲ್ಲರೂ ನಕ್ಕರು. ಮಾಸ್ತರರು ಮಾತ್ರ ನಗಲಿಲ್ಲ. "ಆತು, ನಿನ್ನ ನಲವತ್ತೆಂಟನ್ನ ಬಿಡಿಸಿ ನೋಡೂಣು. ಅದರಾಗ ಸ್ನೇಹ ಪಂದ್ಯದ ಗೋಲು ಎಷ್ಟು? ಹಜೇರಿ ಹೊಡದದ್ದು ಕಪ್ಪಿನ ಗೋಲು. ಎದುರಿಗೆ ನಿಂತಾವ್ರು ಗಂಡಸರು. ನಿನ್ನ ಫಕೀರ ಯಾವ್ದೋ ನಡುಗಡ್ಡಿ ತಂಡಕ್ಕ ಒಂದ ದಿನ ಐದು ಹೊಡದ. ಆ ತಂಡದ ಕೀಪರ್ ಬೆಳಿಗ್ಗೆ ಅಂಚಿ ಹಂಚಿ ಸಂಜೀಕ ಗೋಲಿನಾಗ ನಿಂದ್ರಾಂವ."

"ಅಂಚಿಯಂವ ಆದ್ರೇನು, ಅವನೂ ಕೈ ಇರೂ ಮನಷ್ಯಾನ. ಹಜೇರಿ ಕಾಲದಾಗ ಕೀಪರಗೋಳು ಕೈಗವಸೂ ಹಾಕ್ತಿರಲಿಲ್ಲ. ಅದನ್ಯಾಕ ಹೇಳಂಗಿಲ್ಲ?" ದಾವಲಸಾಬ್ ನನ್ನ ಕಡೆ ತಿರುಗಿದ. "ಜಂಬಗಿ ಸಾಹೇಬ್ರ, ನೀವು ಪೇಪರಿನವರು, ನೀವ ಹೇಳ್ರಿ. ಸ್ನೇಹ ಪಂದ್ಯದ ಗೋಲು ಲೆಕ್ಕಕ್ಕ ಹಿಡೀತಾರೋ ಇಲ್ಲೋ?"

"ಎರಡೂ ಕಡೆ ದೇಶದ ಮುಖ್ಯ ತಂಡ ಆಡಿದ್ರ ಹಿಡೀತಾರ," ಎಂದೆ. "ಆ ಐದೂ ಹಿಡಿಯೂ ಗೋಲುಗಳ."

"ಯಾವ ಓಣಿ ಲೆಕ್ಕದಾಗ?" ಎಂದು ಒಲೆಯ ಹಿಂದಿನಿಂದ ಯಮನೂರಪ್ಪ ಕೇಳಿದ.

ಹೇಳಲು ನನಗೆ ಓಣಿ ಇರಲಿಲ್ಲ. ಎದ್ದು ಅಂಗಿಯ ತೋಳು ಮೇಲೇರಿಸಿ ಗ್ಲಾಸು ತೊಳೆಯಲು ಹೋದೆ. ಆ ಅಂಗಡಿಯಲ್ಲಿ ಅತಿ ಹೆಚ್ಚು ಗ್ಲಾಸು ತೊಳೆದ ದಾಖಲೆ ನನ್ನದೇ, ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

"ನಾ ಹೂಗಾರ ಓಣಿಯಂವ," ಎಂದ ಯಮನೂರಪ್ಪ, ನನಗೆ ಬೂದಿಯ ಡಬ್ಬಿ ಕೊಡುತ್ತ. "ನಮ್ಮಲ್ಲಿ ಮಳಿ ಇನ್ನೂ ನಿಂತಿಲ್ಲ. ಆಟಗಾರರೆಲ್ಲಾ ಛತ್ರಿ ಕೆಳಗ ನಿಂತಾರ. ಚೆಂಡು ಚುಕ್ಕಿ ಮ್ಯಾಲ ತೊಯ್ಯಾಕತ್ತೈತಿ. ಅದಕ್ಕ ನನಗ ಯಾರ ಮ್ಯಾಲೂ ಸಿಟ್ಟಿಲ್ಲ ನೋಡ್ರಿ."

ಮಾಸ್ತರರು ಚಹಾ ಕುಡಿಯದೆ ಎದ್ದು ಹೋದರು. ಅವರು ಟಾಕಿ ಓಣಿಯ ಬಾಯಿಯಲ್ಲಿ ಮರೆಯಾಗುವವರೆಗೆ ಕಾದು ದಾವಲಸಾಬ್ ನನ್ನ ಪಕ್ಕ ಬಂದು ನಿಂತ. ದನಿ ತಗ್ಗಿಸಿ, "ಸಾಹೇಬ್ರ, ಶಾವಂತ್ರವ್ವನ ರೊಟ್ಟಿ ನಿನ್ನೆಯಿಂದ ಯಾರೂ ಒಯ್ದಿಲ್ಲಂತ," ಎಂದ.

ಶಾವಂತ್ರವ್ವ ಫಕೀರೇಶನ ತಾಯಿ. ಮಗ ದೇಶಕ್ಕೆ ಆಡತೊಡಗಿದ ಮೇಲೂ ರೊಟ್ಟಿ ಬಡಿದು ಮಾರುವುದನ್ನು ಬಿಟ್ಟಿರಲಿಲ್ಲ. ಟಾಕಿ ಓಣಿಯ ಅರ್ಧಕ್ಕರ್ಧ ಮನೆಗಳು ಅವಳ ರೊಟ್ಟಿಯನ್ನೇ ಉಣ್ಣುತ್ತಿದ್ದವು. ಕಂಬಾರ ಓಣಿಯವರು ರಾತ್ರಿಯೇ ಕೂಡಿ ಮಾತಾಡಿದ್ದರಂತೆ. ದಾವಲಸಾಬನ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಖಾಲಿ ಇದೆ. ಅವಳನ್ನು ಅಲ್ಲಿಗೆ ತಂದಿಡುವುದು. "ಒಂದೆರಡು ದಿನ ಮಲಗಿದ್ರ ಸಾಕು. ಮಗ ಹೊಡದದ್ದನ್ನ ಆಕಿ ಕಣ್ಣಾರೆ ಕಂಡಂಗ ಆಕ್ಕೈತಿ. ನಾ ಹೇಳಿದ್ರ ಓಣಿ ಜಗಳ ಅಂತಾಳ. ನೀವು ಬರ್ರಿ. ನಿಮಗ ಓಣಿನ ಇಲ್ಲ."

ನಾವು ಹೋದಾಗ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿಯ ಕಂಠದ ಮೇಲಕ್ಕೂ ರೊಟ್ಟಿ ಏರಿತ್ತು. ಯಾರೂ ಒಯ್ಯದಿದ್ದರೂ ಬಡಿಯುತ್ತಲೇ ಇದ್ದಳು. ದಾವಲಸಾಬ್ ಹೊಸ್ತಿಲ ಆಚೆಯೇ ಕೂತು ಮನೆಯ ವಿಷಯ ಹೇಳಿದ. ನಲ್ಲಿ ಒಳಗೇ ಇದೆ, ಹಿತ್ತಲಿದೆ, ಒಲೆ ಹಾಕಲು ಜಾಗವಿದೆ ಎಂದ. ಕಂಬಾರ ಓಣಿಯ ಎಲ್ಲ ಮನೆಗಳೂ ಅವಳ ರೊಟ್ಟಿಯನ್ನೇ ಕೊಳ್ಳುತ್ತವೆ ಎಂದ.

"ಅಲ್ಲಿ ಬಂದ್ರ ಇದನ್ನ ಮರೀತೀನಂತೀ," ಎಂದಳು ಅವಳು.

"ಹೂಂ, ತಂಗೀ. ಈ ಕೆಟ್ಟ ನೆನಪು ಇರಂಗಿಲ್ಲ. ಅಲ್ಲಿ ಆಂವ ಹೊಡದಾನ. ಎಂಥಾ ಹೊಡತ ಅಂತೀ, ಜಾಳಿಗಿ ಹರದು ಹೋಗಬೇಕು."

"ದಾವಲಣ್ಣಾ, ನೀ ಚಲೋ ಮನಸಿನಿಂದ ಬಂದೀ. ಆದ್ರ ನಾನೂ ಮರತಬಿಟ್ರ ಇಲ್ಲಿ ತಪ್ಪಿಸಿದಂವ ಯಾರ ಮಗ ಆಗ್ತಾನ?"

ದಾವಲಸಾಬ್ ನನ್ನ ಮುಖ ನೋಡಿದ. ಪತ್ರಿಕೆಯವನಾಗಿ ನಾನು ಇದನ್ನು ನಾಲ್ಕು ಫಲಿತಾಂಶ ಎಂದು ನೋಡಿದ್ದೆ. ನಾಲ್ಕು ಫಕೀರೇಶರಿದ್ದಾರೆ ಎಂದು ಯೋಚಿಸಿರಲಿಲ್ಲ.

"ಹಂಗಾದ್ರ ಆಂವನ್ನರ ನಾವು ಕರ್ಕೊಂಡು ಹೋಗ್ತೀವಿ," ಎಂದ ದಾವಲಸಾಬ್, ಎದ್ದು ನಿಂತು. "ಗುರುವಾರ ಬರ್ತಾನಂತ ಫೋನ್ ಬಂದೈತಿ. ಬಸ್ಸಿಳದ ಕೂಡ್ಲೆ ಸೀದಾ ನಮ್ಮ ಓಣಿಗೆ. ಆಂವಗ ಈ ಓಣಿ ಗಾಳಿ ತಾಗಬಾರದು. ಇನ್ನೂ ಆಡೂ ಹುಡುಗ, ತಪ್ಪಿಸಿದ್ದು ತಲ್ಯಾಗ ಕುಂತ್ರ ಮತ್ತ ಚೆಂಡು ಇಡೂಮುಂದ ಕಾಲು ನಡಗತಾವ."

ಅವಳ ಕೈ ರೊಟ್ಟಿಯ ಮೇಲೆ ನಿಂತಿತು. "ಕರ್ಕೊಂಡು ಹೋಗ್ರಿ," ಎಂದಳು ಕೊನೆಗೆ. "ಆಂವಗ ಚಲೋ ಆಗೂದಿದ್ರ ನಾ ಅಡ್ಡ ಬರಂಗಿಲ್ಲ. ಆಂವ ಅಲ್ಲಿ ಇರ್ಲಿ, ನಾ ಇಲ್ಲಿರ್ತೀನಿ." ರೊಟ್ಟಿ ಹಂಚಿಗೆ ಹಾಕುವಾಗ ಹರಿಯಿತು. ಅದನ್ನು ಮತ್ತೆ ಮುದ್ದೆ ಮಾಡಿದಳು.

ಕಚೇರಿಗೆ ಮರಳುವ ದಾರಿಯಲ್ಲಿ ನನಗೆ ಬೇರೊಂದು ವಿಚಾರ ಹೊಳೆದಿತ್ತು. ಫಕೀರೇಶ ಆ ಹೊಡೆತವನ್ನು ಟಿವಿಯಲ್ಲಿ ನೋಡಿದವನಲ್ಲ, ಹೊಡೆದವನು. ಯಾವ ಓಣಿಯಲ್ಲೂ ಕಾಲಿಡುವ ಮೊದಲು ಅವನನ್ನು ಚೌಕದಲ್ಲೇ ಹಿಡಿದು ಕೇಳಿದರೆ, ಓಣಿಯ ಹೆಸರಿಲ್ಲದ ಒಂದು ಅಂಕಿ ನಮ್ಮ ಪುಟದಲ್ಲಿ ಮೊದಲ ಬಾರಿಗೆ ಅಚ್ಚಾಗಬಹುದು. ಸಂಪಾದಕ ಇನಾಮದಾರರಿಗೆ ಹೇಳಿದೆ. ಅವರು ಕನ್ನಡಕ ತೆಗೆದರು.

"ಕೇಳಬ್ಯಾಡ್ರಿ ಜಂಬಗಿಯವರ. ಒಂದ ಅಂಕಿ ಹಾಕಿದ್ರ ಮೂರು ಓಣಿ ಪೇಪರ್ ಬಿಡತಾವ."

"ಖರೇ ಏನೈತಿ ಅಂತ ತಿಳಿಯೂದು ಬ್ಯಾಡೇನ್ರಿ?"

"ಖರೇದಕ್ಕ ನಾಲ್ಕು ಕಾಲಮ್ ಕೊಟ್ಟೀವಲ್ರೀ," ಎಂದರು ಅವರು. "ಯಾವ ಪೇಪರ್ ಇಷ್ಟು ಜಾಗ ಕೊಡತೈತಿ?"

ಅವರ ಮಾತು ತಪ್ಪೆಂದು ಸಾಧಿಸಲು ನನಗಾಗಲಿಲ್ಲ. ಆದರೂ ಗುರುವಾರ ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ನಾನು ಚಹಾದಂಗಡಿಯ ಮುಂದೆ ಇದ್ದೆ. ಕಂಬಾರ ಓಣಿಯವರು ಡೊಳ್ಳು ತಂದಿದ್ದರು. ದಾವಲಸಾಬನ ಕೈಯಲ್ಲಿ ಸೇವಂತಿಗೆಯ ಹಾರವಿತ್ತು. ಎದುರಿಗೆ ಟಾಕಿ ಓಣಿಯ ಬಾಯಿಯಲ್ಲಿ ಕೆಲವರು ಕೈಕಟ್ಟಿ ನಿಂತಿದ್ದರು. ಕೋಟೆ ಓಣಿಯವರು, ಅವರ ಲೆಕ್ಕದಲ್ಲಿ ಫಕೀರೇಶ ಮಂಡಿ ನೋವಿನಿಂದ ಫೈನಲ್ ಆಡಿರಲೇ ಇಲ್ಲವಾದ್ದರಿಂದ, ಅರಿಶಿನದೆಣ್ಣೆಯ ಬಾಟಲಿ ತಂದಿದ್ದರು.

ಬಸ್ಸು ನಿಂತು ಫಕೀರೇಶ ಇಳಿದ. ಡೊಳ್ಳು ಶುರುವಾಗುವುದರೊಳಗೆ ಅವನ ತೋಳು ಹಿಡಿದು, "ಒಂದ ನಿಮಿಷ, ಪೇಪರಿಗೆ," ಎಂದು ಎಲ್ಲರಿಗೂ ಹೇಳಿ ಅಂಗಡಿಯ ಒಳಗೆ ಕರೆದೊಯ್ದೆ. ಯಮನೂರಪ್ಪ ಬಾಗಿಲು ಮುಚ್ಚಿದ.

"ಫಕೀರಾ, ಪೆನಾಲ್ಟಿ ಏನಾತು?"

ಅವನು ಬೆಂಚಿನ ಮೇಲೆ ಕೂತ. ನನ್ನ ಮುಖವನ್ನೇ ನೋಡಿದ. "ಕಾಕಾ, ಚೆಂಡು ಇಟ್ಟೆ. ಹಿಂದಕ್ಕ ಬಂದೆ. ಸೀಟಿ ಆತು. ಓಡಿ ಬಂದು ಹೊಡದೆ. ಕಾಲು ತಾಗಿದ್ದು ನೆನಪೈತಿ, ಚಲೋ ತಾಗಿತ್ತು. ಅದರ ಮುಂದ..." ಕೈಯನ್ನು ಗಾಳಿಯಲ್ಲಿ ಆಡಿಸಿದ. "ದೇವ್ರಾಣಿ, ಬಸ್ಸಿನಾಗ ಕುಂತಾಗ ಗೊತ್ತಿತ್ತು. ಬಾಜೂದಾಂವಗ ಹೇಳ್ಕೋತ ಬಂದೆ. ಊರ ಕ್ರಾಸಿನಾಗ ಬಸ್ಸು ಹೊಳ್ಳಿದ ಕೂಡ್ಲೆ ಹೋತು. ಬಾಯಾಗಿನ ಮಾತು ಅಲ್ಲೇ ನಿಂತಿತು."

"ಅವ ಎಲ್ಲಿ? ಬಾಜೂದಾಂವ?"

"ಕ್ರಾಸಿನಾಗ ಇಳದು ಹೋದ."

"ಬೆಂಚಿನ ಮ್ಯಾಲ ಮ್ಯಾನೇಜರ್ ಯಾರಿದ್ರು? ಪಿಂಟೋನೋ ಚೌಗುಲೆನೋ?"

"ಯಾರೋ ಒಬ್ರು ಕುಂತಿದ್ರು, ಕಾಕಾ."

ನನ್ನ ಕೋಣೆಯ ಟಿವಿ ತೋರಿಸುವಷ್ಟನ್ನೇ ಇವನೂ ಕಂಡಿದ್ದ. ನಾನು ಲೇಖನಿಯನ್ನು ಜೇಬಿಗೆ ಹಾಕಿಕೊಂಡೆ. ಹೊರಗೆ ಡೊಳ್ಳು ಜೋರಾಯಿತು.

"ನಾ ಒಂದು ಕೇಳ್ಲೇನು?" ಎಂದ ಅವನು. "ನಮ್ಮವ್ವನ ಮನ್ಯಾಗ ಏನಾಗೇತಿ?"

ಯಮನೂರಪ್ಪ ಚಹಾ ಸೋಸುತ್ತಿದ್ದವನು ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತ. ಸುಳ್ಳು ಹೇಳಿದ್ದರೆ ಫಕೀರೇಶ ಹಿಗ್ಗಿ ಮನೆಗೆ ಹೋಗುತ್ತಿದ್ದ, ಮಲಗಿ ಎದ್ದ ಮೇಲೆ ತಿಳಿಯುತ್ತಿತ್ತು. ನಿಜ ಹೇಳಿದರೆ ಡೊಳ್ಳಿನ ಹಿಂದೆ ಹೋಗುತ್ತಾನೆ, ಶಾವಂತ್ರವ್ವ ಅಲ್ಲಿ ಒಬ್ಬಳೇ ಉಳಿಯುತ್ತಾಳೆ. ಯಾವ ಓಣಿಯ ಫಲಿತಾಂಶವನ್ನೂ ನಾನು ಅದುವರೆಗೆ ತಪ್ಪಾಗಿ ಹೇಳಿದವನಲ್ಲ.

"ತಪ್ಪೇತಿ ಫಕೀರಾ," ಎಂದೆ. "ಟಾಕಿ ಓಣ್ಯಾಗ ಕಂಬಕ್ಕ ಬಡದೇತಿ. ಸೋತೀವಿ. ಕಂಬಾರ ಓಣ್ಯಾಗ ಗೋಲಾಗೇತಿ, ನೀ ಹಜೇರಿ ದಾಖಲೆ ಮುರದೀ. ಎಲ್ಲಿ ಮಲಗ್ತೀಯೋ ಅದು ನಿಂದು."

ಅವನು ತಲೆ ಆಡಿಸಿದ. ಚಹಾ ಕುಡಿದ. ಬಾಗಿಲು ತೆರೆದದ್ದೇ ದಾವಲಸಾಬ್ ಹಾರ ಎತ್ತಿ ಹಿಡಿದು ಬಂದ. "ಬಾ ನನ್ನ ರಾಜಾ! ನಲವತ್ತೆಂಟರ ಸರದಾರ! ಒಂದ ರಾತ್ರಿ ನಮ್ಮಲ್ಲಿ ಮಲಗು, ಸಾಕು. ನಾಳೆ ಎದ್ದು ನೀನ ಹೇಳ್ತೀ, ಎಂಥಾ ಗೋಲು ಅಂತ."

"ದಾವಲ ಮಾಮಾ, ನಮ್ಮವ್ವ ನಿಮ್ಮ ಓಣಿಗೆ ಬಂದಾಳೇನು?"

ಹಾರ ಹಿಡಿದ ಕೈ ಸ್ವಲ್ಪ ಕೆಳಗಿಳಿಯಿತು. "ಇಲ್ಲೋ ಅಪ್ಪಾ. ಕರದ್ವಿ. ಒಲ್ಲೆ ಅಂದ್ಲು. ನೀ ಹೋಗಿ ಚಲೋ ಇರು ಅಂತ ಆಕಿನ ಹೇಳ್ಯಾಳ. ಸಾಹೇಬ್ರ ಸಾಕ್ಷಿ."

ಫಕೀರೇಶ ನನ್ನ ಕಡೆ ನೋಡಿದ. ಹೌದೆಂದು ಗೋಣು ಹಾಕಿದೆ. ಅದು ನಿಜವಾಗಿತ್ತು.

"ಮಾಮಾ, ಸಿಟ್ಟಾಗಬ್ಯಾಡ," ಎಂದ. "ನನಗ ಭಾಳ ಹಸಿವಾಗೇತಿ."

ಕಂಬಾರ ಓಣಿಯಲ್ಲಿ ಅವನಿಗಾಗಿ ಕುರಿ ಕಡಿದಿದ್ದರು. ಆದರೆ ಅವನು ಚೀಲ ಹೆಗಲಿಗೇರಿಸಿ ಟಾಕಿ ಓಣಿಯ ಕಡೆ ನಡೆದ. ಡೊಳ್ಳಿನವರು ಬಾರಿಸುವುದನ್ನು ನಿಲ್ಲಿಸಿದರು. ದಾವಲಸಾಬ್ ಹಾರ ಹಿಡಿದುಕೊಂಡೇ ನಿಂತಿದ್ದ. ಕೆನ್ನೆ ಉಜ್ಜಿಕೊಂಡ. ಆಮೇಲೆ ಡೊಳ್ಳಿನವರಿಗೆ ಗದರಿದ. "ಯಾಕ ನಿಂದ್ರಿಸಿದ್ರೋ? ಬಾರಸ್ರಿ! ನಮ್ಮ ಓಣ್ಯಾಗ ಹೊಡದಾನೋ ಇಲ್ಲೋ?" ಹಾರವನ್ನು ಮುಂದಿನ ಡೊಳ್ಳಿಗೆ ಹಾಕಿ, ಮೆರವಣಿಗೆಯನ್ನು ಹಾಗೆಯೇ ಹೊರಡಿಸಿಕೊಂಡು ತನ್ನ ಓಣಿಗೆ ಹೋದ. ಅದು ಊರಿನ ಅತಿ ದೊಡ್ಡ ಮೆರವಣಿಗೆಯಾಗಿತ್ತು ಎಂದು ಆ ಓಣಿಯವರು ನನಗೆ ನಂತರ ಹೇಳಿದ್ದಾರೆ.

ನಾನು ಫಕೀರೇಶನ ಹಿಂದೆ ಹೋದೆ. ವರದಿಗಾರನಾಗಿ ಹೋದೆನೇ ಎಂದು ಕೇಳಿದರೆ ಹೇಳಲಾರೆ.

ಟಾಕಿ ಓಣಿಯಲ್ಲಿ ಕಟ್ಟೆಗಳ ಮೇಲೆ ಕೂತವರು ಯಾರೂ ಎದ್ದು ನಿಲ್ಲಲಿಲ್ಲ. ಕೆಲವರು ಮುಖ ತಿರುಗಿಸಿದರು. ನೀರಿನ ಟಾಕಿಯ ಹತ್ತಿರ ಇರಪಣ್ಣ ಮಾಸ್ತರರು ದಾರಿಗೆ ಅಡ್ಡ ನಿಂತಿದ್ದರು, ಕೈಯಲ್ಲಿ ಕೊಡೆ. ಫಕೀರೇಶ ಬಾಗಿ ಅವರ ಕಾಲು ಮುಟ್ಟಿದ.

"ಏಳಲೇ," ಎಂದರು ಮಾಸ್ತರರು. "ಎಡಗಾಲಿನ ಹುಡುಗ ನೀ. ಎರಡನೇ ಇಯತ್ತೆಯಿಂದ ನೋಡೀನಿ, ಎಡಗಾಲಿಂದ ಹೊಡದು ಸಾಲಿ ಕಿಡಕಿ ಒಡದಂವ. ಪೆನಾಲ್ಟಿ ಬಲಗಾಲಿಂದ ಯಾಕ ಹೊಡದೀ?"

"ಎಡಗಾಲು ಹಿಡದಿತ್ರಿ ಸರ," ಎಂದ ಫಕೀರೇಶ.

"ಹಿಡದಿದ್ರ ಬ್ಯಾರೇದವಗ ಕೊಡಬೇಕಿತ್ತು! ಆ ಚೌಗುಲೆಗೆ ಬುದ್ಧಿ ಇಲ್ಲ, ನಿನಗೂ ಇಲ್ಲ? ದಾಖಲೆ ಬೇಕಾಗಿತ್ತು ನಿನಗ!"

"ದಾಖಲೆ ಯಾರಿಗೆ ಬ್ಯಾಡ್ರಿ ಸರ?"

"ಎದುರು ಮಾತಾಡ್ತಾನ ನೋಡ್ರಿ!" ಮಾಸ್ತರರು ಕೊಡೆ ಬೀಸಿ ಸುತ್ತಲಿನವರಿಗೆ ಹೇಳಿದರು. ಅಷ್ಟು ಹೊತ್ತಿಗೆ ಒಬ್ಬೊಬ್ಬರೇ ಕಟ್ಟೆಯಿಂದ ಇಳಿದು ಬಂದು ಸುತ್ತ ನಿಂತಿದ್ದರು. ಒಬ್ಬ ಓಟ ಸಾಲಲಿಲ್ಲ ಎಂದ. ಇನ್ನೊಬ್ಬ ಓಟ ಹೆಚ್ಚಾಯಿತು ಎಂದ. ಮತ್ತೊಬ್ಬ ಕೀಪರನ ಕಣ್ಣು ನೋಡಬಾರದಿತ್ತು ಎಂದು ಫಕೀರೇಶನ ಭುಜ ಹಿಡಿದು ಅಲುಗಾಡಿಸಿದ. ಅವನು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದ. ಅವನಿಗೆ ಏನೂ ನೆನಪಿಲ್ಲ ಎಂಬುದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅಷ್ಟೊಂದು ಬೈಗುಳದ ನಡುವೆ ಅವರು ಅವನನ್ನು ಸುತ್ತುವರಿದು ಮನೆಯ ಬಾಗಿಲವರೆಗೆ ತಂದುಬಿಟ್ಟಿದ್ದರು.

ಶಾವಂತ್ರವ್ವ ಹೊರಗೆ ಬಂದಳು. ಮಗನನ್ನು ನೋಡಿದಳು. ಬರುತ್ತಾನೆಂದು ಅವಳು ಎಣಿಸಿರಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ, "ಮಾಸ್ತರ, ಮೊದಲ ಉಣ್ಲಿ," ಎಂದಳು. "ಉಂಡ ಮ್ಯಾಲ ಬೈರಿ."

ಮಾಸ್ತರರು ಕೊಡೆ ಮಡಚಿದರು. "ಬರ್ತೀನಿ, ಬಿಡಂಗಿಲ್ಲ," ಎಂದು ಹೊರಟವರು ಎರಡು ಹೆಜ್ಜೆ ಹೋಗಿ ಹಿಂದಿರುಗಿ, "ನಮ್ಮ ಮನೀಗೆ ಆರು ರೊಟ್ಟಿ ಕಳಸು," ಎಂದರು.

ನನ್ನನ್ನೂ ಒಳಗೆ ಕರೆದ ಶಾವಂತ್ರವ್ವ ತಾಟು ಇಟ್ಟಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ನಾನು ವರ್ಷಗಳಿಂದ ಖಾನಾವಳಿಯಲ್ಲಿ ಉಣ್ಣುವವನು, ಅಳತೆ ಮೀರಿ ಉಂಡೆ. ಫಕೀರೇಶ ಪಡಸಾಲೆಯಲ್ಲಿ ಕಂಬಳಿ ಹಾಸಿ ಅಡ್ಡಾದ. ನಾನು ಗೋಡೆಗೆ ಒರಗಿ ಕೂತವನು ಎದ್ದು ಕಚೇರಿಗೆ ಹೋಗಬೇಕು ಅಂದುಕೊಳ್ಳುತ್ತಿದ್ದೆ. ಕಣ್ಣು ಹತ್ತಿಬಿಟ್ಟಿತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಫಕೀರೇಶ ಆಗಲೇ ಎದ್ದು ಹೊಸ್ತಿಲ ಮೇಲೆ ಕೂತಿದ್ದ. ನನ್ನತ್ತ ತಿರುಗದೆಯೇ ಹೇಳಿದ, "ಕಂಬಕ್ಕ ಬಡೀತು, ಕಾಕಾ."

"ಹೌದು," ಎಂದೆ.

ನನಗೂ ಗೊತ್ತಿತ್ತು. ಗೆರೆಗಳಿರಲಿಲ್ಲ. ಚೆಂಡು ಕಾಲು ಬಿಟ್ಟಿದ್ದನ್ನು, ನೆಲಕ್ಕೆ ಸ್ವಲ್ಪ ಮೇಲೆ ಹೋಗಿದ್ದನ್ನು, ಕೀಪರ್ ಮೈ ಚೆಲ್ಲಿದ್ದನ್ನು, ಬಿಳಿಯ ಕಂಬ ನಡುಗಿದ್ದನ್ನು ಮೊದಲಿನಿಂದ ಕೊನೆಯವರೆಗೆ ಕಂಡಿದ್ದೆ. ಆಮೇಲೆ ಚೆಂಡು ಹೊರಗೆ ಉರುಳಿತು. ಒಂದು ಪಂದ್ಯ ಸೋಲುವುದು ಹೀಗಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

"ಕೀಪರನ ಬೆರಳು ತಾಗಿತ್ತು," ಎಂದೆ.

"ಇಲ್ಲ ಕಾಕಾ. ನೀಟ ಕಂಬಕ್ಕ ಹೋತು. ನಾನ ತಪ್ಪಿಸಿದ್ದು."

"ತಾಗಿತ್ತಪ್ಪಾ. ಬೆರಳಿನ ತುದಿ ತಾಗಿ ಚೆಂಡು ಒಂಚೂರು ಹೊರಳ್ತು. ಇಲ್ಲಂದ್ರ ಒಳಗ ಹೋಗ್ತಿತ್ತು."

"ಹೊಡದಂವ ನಾನೋ ನೀವೋ?"

"ಹೊಡದವಗ ಅದು ಕಾಣಂಗಿಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು. ಶಾವಂತ್ರವ್ವ ಬಾಗಿಲಿಗೆ ಬಂದಳು, ಮೊಣಕೈವರೆಗೆ ಹಿಟ್ಟು. "ಖರೇನ್ರೀ ಸಾಹೇಬ್ರ?" ಎಂದಳು. "ನಾ ನೋಡಲಿಲ್ಲ. ಆಂವ ಓಡೂಮುಂದ ಕಣ್ಣು ಮುಚ್ಚಿದ್ದೆ. ಓಣಿ ಮಂದಿ ಉಸ್ಸಂದಾಗ ತೆರದೆ. ಚೆಂಡಿಗೆ ಬೆರಳು ತಾಗಿತ್ತೇನ್ರಿ?"

ಫೈನಲ್ ಮುಗಿದ ರಾತ್ರಿ ಈ ಓಣಿಯ ಬಾಗಿಲು ಬಾಗಿಲಿಗೆ ಹೋಗಿ ವಿಚಾರಿಸಿದವನು ನಾನು. ಕಂಬ ಎಂದು ಎಲ್ಲರೂ ಹೇಳಿದ್ದರು. ಬೆರಳಿನ ಮಾತನ್ನು ಒಬ್ಬರೂ ಎತ್ತಿರಲಿಲ್ಲ. ಕನಿಷ್ಠ ಇಬ್ಬರಾದರೂ ಹೇಳದ ಸಂಗತಿಯನ್ನು ನಾನು ಯಾವತ್ತೂ ಅಚ್ಚಿಗೆ ಕಳಿಸಿದವನಲ್ಲ, ಇಲ್ಲಿ ಹೇಳುವವನು ನಾನೊಬ್ಬನೇ. ಅದೂ ಹೊಟ್ಟೆ ತುಂಬ ಉಂಡು ಮಲಗಿ ಎದ್ದವನು. ಕಂಡೆನೋ, ಕಾಣಬೇಕೆಂದು ಬಯಸಿದೆನೋ ಎಂದು ನನ್ನನ್ನೇ ಕೇಳಿಕೊಂಡೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲಿಲ್ಲ. ಅವಳು ಕಾಯುತ್ತಿದ್ದಳು.

"ತಾಗಿತ್ರೀ," ಎಂದೆ. "ನಡುವಿನ ಬೆರಳು."

ಅವಳು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಫಕೀರೇಶ ಹೊಸ್ತಿಲ ಮೇಲಿಂದ ನನ್ನನ್ನೇ ನೋಡುತ್ತಿದ್ದ.

"ಎಡಗೈಯೋ ಬಲಗೈಯೋ, ಕಾಕಾ?"

ಯೋಚಿಸಬೇಕಾಯಿತು. ಎಡಗೈ, ಎಂದೆ.